ಪ್ರತಿಭಾವಂತ ಮಕ್ಕಳ ವಿಶೇಷ ತರಗತಿ: ಒಪ್ಪುವ ಮುನ್ನ

ಶಾಲೆಯಿಂದ ಆಯ್ಕೆಪತ್ರ ಬಂದ ಕೂಡಲೇ ಹೂಂ ಅನ್ನಬೇಡಿ. ಮೊದಲು ಆಯ್ಕೆಗಾಗಿ ನಡೆಸಿದ ಪರೀಕ್ಷೆಯ ಪೂರ್ಣ ವರದಿ ಕೇಳಿ ಪಡೆಯಿರಿ. ಹೆಚ್ಚು ಬಳಕೆಯಲ್ಲಿರುವ ವೆಕ್ಸ್‌ಲರ್ ಮಾದರಿಯ ಐಕ್ಯೂ (ಬುದ್ಧಿಮಟ್ಟದ) ಪರೀಕ್ಷೆಗಳಲ್ಲಿ ಸರಾಸರಿ 100. 130 ಮುಟ್ಟುವವರು ನೂರಕ್ಕೆ ಸುಮಾರು ಇಬ್ಬರು. ಆದರೆ ಅಳತೆಯಲ್ಲೇ ನಾಲ್ಕೈದು ಅಂಕಗಳ ಏರುಪೇರು ಇರುವುದರಿಂದ 128 ಮತ್ತು 131ರ ನಡುವಿನ ವ್ಯತ್ಯಾಸಕ್ಕೆ ದೊಡ್ಡ ಅರ್ಥ ಕಟ್ಟಬೇಕಿಲ್ಲ. ವಿಭಾಗವಾರು ಅಂಕಗಳನ್ನು ನೋಡಿ. ತರ್ಕದಲ್ಲಿ ತುಂಬ ಮುಂದಿದ್ದು ಕೆಲಸದ ವೇಗ ಸಾಧಾರಣವಾಗಿದ್ದರೆ, ಒಟ್ಟು ಅಂಕ ಮಗುವಿನ ಸಾಮರ್ಥ್ಯವನ್ನು ಕಡಿಮೆ ತೋರಿಸುತ್ತದೆ. ಇಂಥ ಅಂತರದ ಹಿಂದೆ ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು), ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ) ಇರುವುದೂ ಉಂಟು. ಹಾಗಿದ್ದರೂ ವಿಶೇಷ ತರಗತಿಯನ್ನು ಕೈಬಿಡಬೇಕಿಲ್ಲ. ಅದರ ಜೊತೆಗೆ ಓದು-ಬರಹದ ನೆರವನ್ನೂ ಕೇಳಿ.

ಅಂಕಕ್ಕಿಂತ ಮುಖ್ಯವಾದದ್ದು ಆ ತರಗತಿಯಲ್ಲಿ ದಿನವೂ ಏನು ನಡೆಯುತ್ತದೆ ಎಂಬುದು. ಒಂದು ಪೂರ್ತಿ ಪಾಠ ಕೂತು ನೋಡಲು ಅನುಮತಿ ಕೇಳಿ. ಕಳೆದ ತಿಂಗಳ ಮಕ್ಕಳ ಕೆಲಸವನ್ನು ತೋರಿಸಲು ಹೇಳಿ. ಅದೇ ಪಾಠ, ಲೆಕ್ಕಗಳು ಮಾತ್ರ ಎರಡು ಪಟ್ಟು ಎಂದಿದ್ದರೆ ಅದು ಹೊರೆಯೇ ಹೊರತು ಕಲಿಕೆಯಲ್ಲ. ವಾರಕ್ಕೊಮ್ಮೆ ಮಕ್ಕಳನ್ನು ಮಾಮೂಲಿ ತರಗತಿಯಿಂದ ವಿಶೇಷ ತರಗತಿಗೆ ಕರೆದೊಯ್ಯುವ ವ್ಯವಸ್ಥೆಯಾದರೆ, ಆ ಹೊತ್ತಿನಲ್ಲಿ ತಪ್ಪಿದ ಪಾಠ ಯಾರು ಹೇಳಿಕೊಡುತ್ತಾರೆ, ಬಿಟ್ಟುಹೋದ ಅಭ್ಯಾಸ ಮನೆಗೆ ಬರುತ್ತದೆಯೇ ಎಂದು ವಿಚಾರಿಸಿ. ಎಷ್ಟೋ ಮಕ್ಕಳು ಬೇಸತ್ತು ಬಿಡುವುದು ಈ ಬಾಕಿ ಕೆಲಸದಿಂದಲೇ.

ಮಗು ಗಣಿತದಲ್ಲಿ ಮಾತ್ರ ಮುಂದಿದ್ದರೆ ಎಲ್ಲ ವಿಷಯಕ್ಕೂ ತರಗತಿ ಬದಲಿಸುವ ಅಗತ್ಯವಿಲ್ಲ. ಆ ಒಂದು ಪೀರಿಯಡ್‌ಗೆ ಮೇಲಿನ ತರಗತಿಯಲ್ಲಿ ಕೂರಿಸಿದರೆ ಸಾಕಾಗುತ್ತದೆ. ಇದನ್ನು ನೀವೇ ಬಾಯಿಬಿಟ್ಟು ಕೇಳಬೇಕಾಗಬಹುದು.

ಮಗುವನ್ನು ಕೇಳುವಾಗ "ಹೋಗ್ತೀಯಾ?" ಎಂದಷ್ಟೇ ಕೇಳಬೇಡಿ. "ಈಗಿನ ಕ್ಲಾಸಲ್ಲಿ ಯಾವಾಗ ಬೇಜಾರಾಗುತ್ತೆ? ಯಾರನ್ನ ಬಿಟ್ಟುಬರೋದು ಕಷ್ಟ?" ಎಂದು ಕೇಳಿ. ಅಲ್ಲಿಯವರೆಗೆ ಸದಾ ಮೊದಲಿದ್ದ ಮಗು ತನ್ನಂಥವರ ನಡುವೆ ಸೇರಿದಾಗ "ನಾನು ದಡ್ಡ" ಎಂದುಕೊಳ್ಳುವುದು ಸಾಮಾನ್ಯ. ಹೀಗಾಗಬಹುದೆಂದು ಮೊದಲೇ ಹೇಳಿಡಿ. ಕೆಲವು ವಾರಗಳಲ್ಲಿ ಅದು ಇಳಿಯದೆ ನಿದ್ದೆ, ಊಟ ಕೆಟ್ಟರೆ, ಬೆಳಿಗ್ಗೆ ಹೊಟ್ಟೆನೋವೆಂದು ಶಾಲೆ ತಪ್ಪಿಸತೊಡಗಿದರೆ, ಶಿಕ್ಷಕರ ಬಳಿ ಕೂತು ಮಾತಾಡಿ.

ಒಪ್ಪುವುದಾದರೆ ಆರರಿಂದ ಎಂಟು ವಾರದ ಪರಿಶೀಲನಾ ಅವಧಿ, ಹಿಂದಿನ ತರಗತಿಗೆ ಮರಳುವ ದಾರಿ, ಈ ವರ್ಷ ಬೇಡವೆಂದರೆ ಮುಂದಿನ ವರ್ಷ ಮತ್ತೆ ಅವಕಾಶವಿದೆಯೇ ಎಂಬುದು, ಈ ಮೂರನ್ನೂ ಶಾಲೆಯಿಂದ ಬರಹದಲ್ಲಿ ಪಡೆದುಕೊಳ್ಳಿ.