ಸವೆದ ಗಿಟಾರ್‌ಗೆ ನಾನು ಬೆಲೆ ಕಟ್ಟಿದ್ದು ಹೀಗೆ

ಹೋದ ಆಷಾಢದಲ್ಲಿ ಮಂಡ್ಯ ಕಡೆಯ ಹಿರಿಯರೊಬ್ಬರು ಮಗನ ಜೊತೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಕಪ್ಪು ಗಿಟಾರ್ ಪೆಟ್ಟಿಗೆ. ಅದರ ಹಿಡಿ ಯಾವತ್ತೋ ಕಿತ್ತುಹೋಗಿ, ಆ ಜಾಗಕ್ಕೆ ನೈಲಾನ್ ಹಗ್ಗ ಕಟ್ಟಿದ್ದರು. ಒಳಗೆ ಜಪಾನಿನ ಐಬನೀಜ್ ಕಂಪನಿಯ 'ಆರ್ಟಿಸ್ಟ್' ಮಾದರಿಯ ಎಲೆಕ್ಟ್ರಿಕ್ ಗಿಟಾರ್. ದುಬೈನಲ್ಲಿದ್ದ ಸಂಬಂಧಿಕರೊಬ್ಬರು 1984ರಲ್ಲಿ ಅಲ್ಲಿಂದ ತಂದುಕೊಟ್ಟಿದ್ದಂತೆ. ಆಮೇಲೆ ಇಪ್ಪತ್ತೈದು ವರ್ಷ ಅದು ರಸಮಂಜರಿಗಳಲ್ಲಿ ನುಡಿದಿದೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಊರಹಬ್ಬ, ಒಂದನ್ನೂ ಬಿಟ್ಟಿಲ್ಲ. ಈಗ ಹಿರಿಯರ ಬೆರಳು ಮಡಚಲು ಆಗುತ್ತಿಲ್ಲ. ಮಾರಬೇಕು ಎಂದರು.

ಅವರ ಕಷ್ಟ ಏನೆಂದರೆ, ಒಂದು ಅಂಗಡಿಯವರು 'ಪೂರ್ತಿ ಸವೆದಿದೆ, ಹನ್ನೆರಡು ಸಾವಿರ ಕೊಡ್ತೀವಿ' ಅಂದಿದ್ದರು. ಪರಿಚಯದವರೊಬ್ಬರು 'ಅದು ವಿಂಟೇಜ್, ಮೂರು ಲಕ್ಷಕ್ಕೆ ಕಮ್ಮಿ ಕೊಡಬೇಡಿ' ಅಂದಿದ್ದರು. ಇಬ್ಬರೂ ಗಿಟಾರ್ ಬಿಚ್ಚಿ ನೋಡಿರಲಿಲ್ಲ.

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ಗಿಟಾರ್ ರಿಪೇರಿ ಮಾಡುತ್ತೇನೆ. ಹಳೇ ಗಿಟಾರ್ ತಂದು 'ಎಷ್ಟು ಬರುತ್ತೆ ಹೇಳಿ' ಅಂತ ಕೇಳುವವರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಅಷ್ಟು ಜನರಿಗೂ ಮೊದಲು ಹೇಳುವ ಮಾತು ಒಂದೇ: ಸವೆಯುವುದು ಬೇರೆ, ಕೆಡುವುದು ಬೇರೆ. ನುಡಿಸಿ ನುಡಿಸಿ ಬಣ್ಣ ಹೋಗಿದ್ದರೆ ಬೆಲೆ ಅಷ್ಟೇನೂ ಇಳಿಯುವುದಿಲ್ಲ. ಯಾರೋ ಬಣ್ಣ ಬಳಿದಿದ್ದರೆ ಇಳಿಯುತ್ತದೆ, ತುಂಬಾ ಇಳಿಯುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. 2009ರಲ್ಲಿ ಬೆಂಗಳೂರಿನಲ್ಲಿ ಒಬ್ಬರಿಂದ 'ಎಪ್ಪತ್ತರ ದಶಕದ ಫೆಂಡರ್ ಸ್ಟ್ರಾಟ್' ಎಂಬ ಅಮೆರಿಕನ್ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಂಡೆ. ಮೈಯೆಲ್ಲ ಫಳಫಳ. ಅದನ್ನು ನೋಡಿಯೇ ಮರುಳಾದೆ. ಮನೆಗೆ ಬಂದು ಮುಂಬದಿಯ ಪ್ಲಾಸ್ಟಿಕ್ ಹಲ್ಲೆ, ಅಂದರೆ ಪಿಕ್‌ಗಾರ್ಡ್ ಬಿಚ್ಚಿದರೆ ಒಳಗಿನ ಗುಂಡಿಯಲ್ಲಿ ಬ್ರಶ್ ಎಳೆದ ಗುರುತು, ಅದರಡಿ ಇನ್ನೊಂದು ಬಣ್ಣ. ಧ್ವನಿ ಏರಿಳಿಸುವ ವಾಲ್ಯೂಮ್ ಪಾಟ್‌ಗಳೂ ಹೊಸವು. ಆ ಕಾಲದ ಅಮೆರಿಕನ್ ಗಿಟಾರ್‌ಗಳ ಪಾಟ್ ಹಿಂಬದಿಯಲ್ಲಿ ಅಂಕಿ ಒತ್ತಿರುತ್ತಾರೆ. ಉದಾಹರಣೆಗೆ 1377633 ಅಂತ ಇದ್ದರೆ, 137 ಅನ್ನುವುದು ಸಿಟಿಎಸ್ ಕಂಪನಿಯ ಗುರುತು, 76 ಅಂದರೆ 1976, 33 ಅಂದರೆ ಆ ವರ್ಷದ ಮೂವತ್ಮೂರನೇ ವಾರ. ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ, ಅದೇ ಪಾಟ್ ಮೊದಲಿನಿಂದ ಇದ್ದರೆ. ನನ್ನದರಲ್ಲಿ ಓದಲು ಏನೂ ಉಳಿದಿರಲಿಲ್ಲ. ಎರಡು ವರ್ಷ ಬಿಟ್ಟು ಮಾರುವಾಗ ಕೊಟ್ಟಿದ್ದರಲ್ಲಿ ಅರ್ಧ ಬಂತು. ಬಣ್ಣ ಬದಲಾದ ವಿಂಟೇಜ್ ಗಿಟಾರ್‌ಗೆ ಮಾರುಕಟ್ಟೆ ಕೊಡುವುದು ಹೆಚ್ಚುಕಮ್ಮಿ ಅಷ್ಟೇ.

ಹಾಗಾಗಿ ಹಿರಿಯರ ಗಿಟಾರನ್ನು ಮೇಜಿನ ಮೇಲಿಟ್ಟು ಮೊದಲ ಹತ್ತು ನಿಮಿಷ ಯಾವ ಸಲಕರಣೆಯನ್ನೂ ಮುಟ್ಟಲಿಲ್ಲ. ಸುಮ್ನೆ ನೋಡಿದೆ. ಬಲಗೈ ಮುಂದೋಳು ಒರಗುವ ಕಡೆ ಮೆರುಗು ಮಾಸಿದೆ. ಬೆನ್ನಿನಲ್ಲಿ ಬೆಲ್ಟ್ ಬಕಲ್ ಗೀಚಿದ ಗೆರೆಗಳು. ತಂತಿಗಳ ಕೆಳಗೆ, ಮೀಟುವ ಪಿಕ್ ತಾಗಿ ತಾಗಿ ಒಂದು ಬಿಲ್ಲಿನಾಕಾರದ ಮಬ್ಬು. ನೆಕ್, ಅಂದರೆ ಗಿಟಾರ್‌ನ ಕತ್ತಿನ ಹಿಂಬದಿ ಹೆಬ್ಬೆರಳು ಓಡಾಡಿದ ಜಾಗ ರೇಷ್ಮೆಯಷ್ಟು ನುಣುಪು. ಈ ನಾಲ್ಕೂ ಒಂದೇ ಮನುಷ್ಯನ ಕೈಗೆ, ಒಂದೇ ಎತ್ತರಕ್ಕೆ ಹೊಂದುತ್ತವೆಯೇ ನೋಡಬೇಕು. ಹಿರಿಯರನ್ನು ನಿಲ್ಲಿಸಿ ಗಿಟಾರ್ ಹೆಗಲಿಗೆ ಹಾಕಿದೆ. ಮುಂದೋಳು ಬಂದು ಆ ಮಾಸಿದ ಜಾಗದಲ್ಲೇ ಕೂತಿತು.

ಇಷ್ಟು ನೋಡಬೇಕಾಗಿದ್ದಕ್ಕೆ ಕಾರಣ ಇದೆ. ಫೆಂಡರ್‌ನವರು 1995ರಿಂದ 'ರೆಲಿಕ್' ಅಂತ ಹೊಸ ಗಿಟಾರನ್ನೇ ಸವೆಸಿ ಮಾರುತ್ತಿದ್ದಾರೆ. ಅದು ಹೇಳಿಯೇ ಮಾರುವುದು, ತಪ್ಪಿಲ್ಲ. ಆದರೆ ಅದನ್ನು ನೋಡಿ ಉಪ್ಪುಕಾಗದ ಹಿಡಿದವರು ಬಹಳ. ನಿಜವಾದ ಸವೆತದ ಅಂಚಿನ ಮೇಲೆ ಹೆಬ್ಬೆರಳು ಎಳೆದರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಉಪ್ಪುಕಾಗದ ಹಾಕಿದ್ದರೆ ಅಲ್ಲೊಂದು ಮೆಟ್ಟಿಲು ಸಿಗುತ್ತದೆ.

ಆಮೇಲೆ ಸ್ಕ್ರೂಗಳು. ನನಗೆ ಸೀರಿಯಲ್ ನಂಬರಿಗಿಂತ ಸ್ಕ್ರೂಗಳ ಮೇಲೆ ನಂಬಿಕೆ ಜಾಸ್ತಿ. ನಾಲೆ ಬಯಲಿನ ತೇವ, ಬೆವರು, ನಲವತ್ತು ವರ್ಷ. ಎಲ್ಲ ಸ್ಕ್ರೂಗಳಿಗೂ ತುಕ್ಕು ಒಂದೇ ಹದದಲ್ಲಿ ಹಿಡಿದಿರಬೇಕು. ಇಲ್ಲಿ ಹಿಂಬದಿ ಮುಚ್ಚಳದ ಸ್ಕ್ರೂಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ತಂತಿಯ ನಾದ ಹಿಡಿಯುವ ಎರಡು ಪಿಕಪ್‌ಗಳಲ್ಲಿ, ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಕಡೆಯದರ ಚೌಕಟ್ಟಿನ ನಾಲ್ಕು ಮಾತ್ರ ಬೆಳ್ಳಗಿದ್ದವು, ತಲೆಯ ಸೀಳು ಸ್ವಲ್ಪ ಕಿತ್ತಿತ್ತು. ಅಲ್ಲಿಗೆ ಯಾರೋ ಕೈ ಹಾಕಿದ್ದಾರೆ.

ಅದನ್ನು ಖಚಿತ ಮಾಡಿಕೊಳ್ಳಲು ಗಿಟಾರ್ ಬಿಚ್ಚಲೇಬೇಕು ಅಂತಿಲ್ಲ. ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ ಪಿಕಪ್‌ನ ರೆಸಿಸ್ಟೆನ್ಸ್ ಓದಬಹುದು. ನೆಕ್ ಕಡೆಯದು 7.9 ಕಿಲೋಓಮ್. ಬ್ರಿಡ್ಜ್ ಕಡೆಯದು 13.6. ಒಂದೇ ಕಾರ್ಖಾನೆಯಿಂದ ಜೊತೆಯಾಗಿ ಬಂದ ಹಳೇ ಹಂಬಕರ್‌ಗಳ, ಅಂದರೆ ಜೋಡಿ ಸುರುಳಿಯ ಪಿಕಪ್‌ಗಳ ಅಳತೆ ಇಷ್ಟು ದೂರ ಇರುವುದಿಲ್ಲ. ಬಿಚ್ಚಿ ನೋಡಿದೆ. ನೆಕ್ ಪಿಕಪ್‌ನ ಬೆಸುಗೆ ಚಿಕ್ಕದಾಗಿ, ಒಪ್ಪವಾಗಿ ಇತ್ತು. ಇನ್ನೊಂದರದ್ದು ಕಡಲೆಕಾಳಿನಷ್ಟು ದಪ್ಪ, ಪಕ್ಕದ ವೈರಿನ ಹೊದಿಕೆ ಸುಟ್ಟು ಕರಕಲಾಗಿತ್ತು.

'ಈ ಪಿಕಪ್ ಬದಲಾಯಿಸಿದ್ದೀರಾ?' ಅಂತ ಕೇಳಿದೆ. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, 'ಹೌದು, ತೊಂಬತ್ತೈದು ತೊಂಬತ್ತಾರರಲ್ಲಿ. ಕೀಬೋರ್ಡ್ ಜೋರಾಯ್ತು, ನಮ್ಮದು ಕೇಳ್ತಿರಲಿಲ್ಲ' ಅಂದರು. ಹಳೆಯದು ಏನಾಯಿತು ಎಂದು ಕೇಳಿದರೆ ಗೊತ್ತಿಲ್ಲ ಅಂದರು. ಮಗನಿಗೆ ಹೇಳಿದೆ, ಮನೆಯಲ್ಲಿ ಹುಡುಕಿ, ಎಷ್ಟು ಹೊತ್ತಾದರೂ ಸರಿ ಹುಡುಕಿ. ಹಳೇ ವಾದ್ಯಗಾರರು ಏನನ್ನೂ ಎಸೆಯುವುದಿಲ್ಲ. ಮೂರನೇ ದಿನ ಅವರು ಬಂದಾಗ ಕೈಯಲ್ಲಿ ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿ. ಒಳಗೆ ಸವೆದ ನಾಲ್ಕು ಪಿಕ್, ಒಂದು ಫ್ಯೂಸ್, ಹತ್ತಿಯಲ್ಲಿ ಸುತ್ತಿದ ಪಿಕಪ್. ಅಳೆದೆ, 8.1. ಅದೇ! ಅದಕ್ಕೆ ಇನ್ನೂ ಗಂಧದ ವಾಸನೆ ಇತ್ತು.

ಆ ಒಂದು ಡಬ್ಬಿ ಗಿಟಾರ್‌ನ ಬೆಲೆಗೆ ಹನ್ನೆರಡು ಸಾವಿರ ಸೇರಿಸಿತು. ಅಂದಾಜಲ್ಲ, ನಾನು ಹಾಗೇ ಲೆಕ್ಕ ಹಾಕಿದ್ದು.

ಸೀರಿಯಲ್ ನಂಬರ್ ವಿಷಯ ಬೇಗ ಮುಗಿಯಿತು. ಆ ಕಾಲದ ಜಪಾನಿ ಐಬನೀಜ್‌ಗಳಲ್ಲಿ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಅಂಕಿಗಳು. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಮುಂದಿನ ಎರಡು ಅಂಕಿ ವರ್ಷ. ಇದರದ್ದು ಇ79 ಎಂದು ಶುರುವಾಗುತ್ತದೆ, ಅಂದರೆ 1979ರ ಮೇ. ಹೆಡ್‌ಸ್ಟಾಕ್, ಅಂದರೆ ಬಿರಡೆಗಳಿರುವ ತಲೆಭಾಗದ ವಿನ್ಯಾಸ ನಕಲು ಮಾಡಿದ್ದಾರೆಂದು ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಮಾತೃಸಂಸ್ಥೆ 1977ರಲ್ಲಿ ಐಬನೀಜ್‌ನವರ ಅಮೆರಿಕದ ಶಾಖೆ ಮೇಲೆ ಮೊಕದ್ದಮೆ ಹಾಕಿತ್ತು. ಅದರಿಂದಾಗಿ ಎಪ್ಪತ್ತರ ದಶಕದ ಯಾವುದೇ ಜಪಾನಿ ಗಿಟಾರ್ ಕಂಡರೂ 'ಲಾಸೂಟ್', ಅಂದರೆ ಮೊಕದ್ದಮೆ ಕಾಲದ ಗಿಟಾರ್ ಅಂತ ಹೇಳಿ ಬೆಲೆ ಏರಿಸುವ ಅಭ್ಯಾಸ ಬೆಳೆದಿದೆ. ಮೂರು ಲಕ್ಷದ ಮಾತು ಬಂದಿದ್ದೂ ಅಲ್ಲಿಂದಲೇ. ಆದರೆ ಆರ್ಟಿಸ್ಟ್ ನಕಲು ಅಲ್ಲ, ಐಬನೀಜ್‌ನವರ ಸ್ವಂತ ಮಾದರಿ. ಅದಕ್ಕೆ ಆ ಹೆಸರಿನ ಹಂಗು ಬೇಕಿಲ್ಲ.

ಇನ್ನು ಹೆಡ್‌ಸ್ಟಾಕ್. ಇಲ್ಲಿ ಆತುರ ಮಾಡಬಾರದು. ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುವ ಗಿಟಾರ್‌ಗಳು ಬಿದ್ದರೆ ಮುರಿಯುವುದು ತಂತಿಗಳ ಮೇಲ್ತುದಿ ಕೂರುವ ನಟ್‌ನ ಹಿಂದೆಯೇ. ಅಂಟು ಹಾಕಿ, ಮೇಲೆ ಬಣ್ಣ ಕೊಟ್ಟರೆ ಬೆಳಕಿನಲ್ಲಿ ನೇರ ನೋಡಿದಾಗ ಕಾಣುವುದೇ ಇಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮರಕ್ಕೆ ಒರಗಿಸಿ ಅಡ್ಡಲಾಗಿ ಬೆಳಕು ಬಿಟ್ಟೆ. ಉಗುರನ್ನು ಮೆಲ್ಲಗೆ ಎಳೆದೆ. ಎಲ್ಲೂ ತಡೆಯಲಿಲ್ಲ. ಅಲ್ಲೊಂದು ಬಿರುಕು ಸಿಕ್ಕಿದ್ದರೆ ಎಷ್ಟೇ ಚೆನ್ನಾಗಿ ಕೂಡಿಸಿದ್ದರೂ ಬೆಲೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು.

ಫ್ರೆಟ್‌ಗಳು, ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು ಮಾತ್ರ ನಿಜಕ್ಕೂ ಮುಗಿದಿದ್ದವು. ಹೊಸದರಲ್ಲಿ ಒಂದು ಮಿಲಿಮೀಟರಿಗಿಂತ ಎತ್ತರ ಇರುವಂಥವು, ಐದರಿಂದ ಹತ್ತನೇ ಫ್ರೆಟ್‌ವರೆಗೆ ಅರ್ಧ ಮಿಲಿಮೀಟರಿಗೆ ಇಳಿದಿದ್ದವು. ಅದೂ ಒಂದು, ಎರಡನೇ ತಂತಿಯ ಕೆಳಗೆ ಗುಳಿ ಬಿದ್ದಂತೆ. ಹಾಡಿನ ನಡುವಿನ ಬಿಜಿಎಂ ಎಲ್ಲ ಅಲ್ಲೇ ನುಡಿಸುತ್ತಿದ್ದೆ ಅಂದರು. ಫ್ರೆಟ್ ಸವೆದದ್ದು ಟೈರ್ ಸವೆದಂತೆ. ಬದಲಾಯಿಸುವ ಖರ್ಚನ್ನು ಕಳೆಯಬೇಕು, ಅದಕ್ಕಿಂತ ಹೆಚ್ಚಿಗೆ ಕಳೆಯಬಾರದು. ನನ್ನ ಕೂಲಿ, ತಂತಿ ಸೇರಿ ಒಂಬತ್ತು ಸಾವಿರ.

ಫ್ರೆಟ್‌ಬೋರ್ಡ್ ನೋಡಿ ನನಗೆ ಖುಷಿಯಾಯಿತು. ರೋಸ್‌ವುಡ್, ಅಂದರೆ ಬೀಟೆಯ ಬಳಗ. ನಮ್ಮ ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸದವರು ಬಳಸುವ ಬೀಟೆಗೂ ಗಿಟಾರ್ ಲೋಕಕ್ಕೂ ಹಳೇ ನಂಟು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಹೆಸರಾಂತ ಡಿ-28 ಗಿಟಾರ್‌ಗೆ ಭಾರತದ ರೋಸ್‌ವುಡ್ ತೆಗೆದುಕೊಂಡಿತು. ಹಿರಿಯರು ಇದಕ್ಕೆ ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಹಚ್ಚಿದ್ದರು. ಮೇಲೆಲ್ಲ ಕಪ್ಪು ಅಂಟು ಕಟ್ಟಿತ್ತು. ಮರ ಮಾತ್ರ ಗಟ್ಟಿಯಾಗಿ ಉಳಿದಿತ್ತು. ದಯವಿಟ್ಟು ಮಾರುವ ಮುಂಚೆ ಇದನ್ನೆಲ್ಲ ಉಜ್ಜಿ ಹೊಳೆಯಿಸಬೇಡಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸಿ, ಸಾಕು.

ನೆಕ್‌ನ ಬಾಗು ಸರಿಮಾಡುವ ಒಳಗಿನ ಸರಳು, ಟ್ರಸ್ ರಾಡ್, ಕಾಲು ಸುತ್ತು ತಿರುಗಿಸಿದೆ, ನೆಕ್ ಮಾತು ಕೇಳಿತು. ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದರೆ ಏಳನೇ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು. ಅಷ್ಟೇ ಇರಬೇಕು.

ಈಗ ದುಡ್ಡಿನ ಮಾತು. ಮಾರುವವರು ಕೇಳುವ ಬೆಲೆ ನೋಡಿ ಲೆಕ್ಕ ಹಾಕಬಾರದು. ಮಾರಾಟವಾದ ಬೆಲೆ ನೋಡಬೇಕು. ಗಿಟಾರ್ ಮಾರಾಟದ ರಿವರ್ಬ್‌ನಂಥ ವೆಬ್‌ಸೈಟ್‌ಗಳಲ್ಲಿ ಅದೂ ಸಿಗುತ್ತದೆ. ಆದರೆ ಅದು ಡಾಲರ್ ಊರಿನ ಬೆಲೆ. ಅಲ್ಲಿಗೆ ಕಳಿಸುವ ಖರ್ಚು, ದಾರಿಯಲ್ಲಿ ಪೆಟ್ಟಾಗುವ ಭಯ, ಇಲ್ಲಿ ಕೊಳ್ಳುವವರು ಎಷ್ಟು ಜನ, ಎಲ್ಲ ಸೇರಿಸಿ ಯೋಚಿಸಬೇಕಲ್ವಾ? ಮೈಸೂರು, ಬೆಂಗಳೂರಲ್ಲಿ ನುಡಿಸುವುದಕ್ಕೆಂದೇ ಕೊಳ್ಳುವವರು ಇಂಥದ್ದೇ ಒಳ್ಳೇ ಸ್ಥಿತಿಯ ಗಿಟಾರ್‌ಗೆ ಒಂದು ಲಕ್ಷ ಕೊಡುತ್ತಾರೆ ಅನ್ನುವುದು ನನ್ನ ಅನುಭವ. ಅದರಿಂದ ಫ್ರೆಟ್‌ಗೆ ಒಂಬತ್ತು ಸಾವಿರ, ಬದಲಾಗಿದ್ದ ಒಂದು ಬಿರಡೆಗೆ ಎರಡು, ಪೆಟ್ಟಿಗೆಗೆ ಐದು, ಹಳೇ ಪಿಕಪ್ ಮತ್ತೆ ಕೂರಿಸಿದರೂ ಬೆಸುಗೆ ಕದಡಿದೆ ಎಂಬುದಕ್ಕೆ ನಾಲ್ಕು ಕಳೆದೆ. ಎಂಬತ್ತು ಸಾವಿರ ಉಳಿಯಿತು. ಮುಂದೋಳಿನ ಮಾಸಲಿಗೆ, ಬಕಲ್ ಗೀರಿಗೆ ಒಂದು ರೂಪಾಯಿಯನ್ನೂ ಕಳೆಯಲಿಲ್ಲ. ಅಂಗಡಿಯವರು ಹನ್ನೆರಡಕ್ಕೆ ಇಳಿಸಿದ್ದು ಅವುಗಳನ್ನು ತೋರಿಸಿಯೇ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಫೋಟೋ ಜೊತೆ ಹಿರಿಯರಿಗೆ ಕೊಟ್ಟೆ. ಪಿಕಪ್ ಬದಲಾಗಿದ್ದನ್ನೂ ಬರೆದೆ, ಮುಚ್ಚಿಡಲಿಲ್ಲ. ಜಯಲಕ್ಷ್ಮೀಪುರಂನ ಹುಡುಗನೊಬ್ಬ ಆ ಹಾಳೆ ಓದಿ, ಎರಡು ಗಂಟೆ ಕೂತು ನುಡಿಸಿ, ಎಪ್ಪತ್ತೆಂಟು ಸಾವಿರಕ್ಕೆ ತೆಗೆದುಕೊಂಡ. ಮಾಸಿದ ಜಾಗಕ್ಕೆ ಪಾಲಿಶ್ ಮಾಡಿಸಲಾ ಎಂದು ಕೇಳಿದ. ಬೇಡ ಅಂದೆ.

ಫ್ರೆಟ್ ಬದಲಿಸಲು ಗಿಟಾರ್ ಮುಂದಿನ ವಾರ ಮತ್ತೆ ನನ್ನ ಮೇಜಿಗೆ ಬರುತ್ತಿದೆ. ತೆಗೆದ ಹಳೇ ಫ್ರೆಟ್‌ಗಳನ್ನು ಬಿಸಾಡಬೇಡಿ, ಸೋಪಿನ ಡಬ್ಬಿಯಲ್ಲಿ ಹಾಕಿಡಿ, ಬಂದು ತೆಗೆದುಕೊಂಡು ಹೋಗ್ತೀನಿ ಅಂತ ಹಿರಿಯರು ಫೋನ್ ಮಾಡಿ ಹೇಳಿದ್ದಾರೆ.