ಹ್ಯಾಲೊಜೆನ್ ಫ್ಲೋರೈಡ್‌ಗಳ ಆಕಾರ ಕಂಡುಹಿಡಿಯುವುದು ಹೇಗೆ?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಅಂತರಹ್ಯಾಲೊಜೆನ್ ಸಂಯುಕ್ತಗಳ, ಅಂದರೆ ಫ್ಲೋರಿನ್, ಕ್ಲೋರಿನ್‌ನಂಥ ಎರಡು ಬೇರೆ ಬೇರೆ ಹ್ಯಾಲೊಜೆನ್‌ಗಳು ಕೂಡಿದ ಸಂಯುಕ್ತಗಳ, ಪಾಠ ಬಂದಾಗ ಅನೇಕ ವಿದ್ಯಾರ್ಥಿಗಳು ಅವುಗಳ ಆಕಾರಗಳನ್ನು ಕೋಷ್ಟಕ ನೋಡಿ ಉರುಹೊಡೆಯುತ್ತಾರೆ. ಅದರ ಅಗತ್ಯವಿಲ್ಲ. ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳ ಹೊರಕವಚದಲ್ಲಿ ಏಳು ಎಲೆಕ್ಟ್ರಾನ್‌ಗಳಿವೆ ಎಂಬುದಷ್ಟು ನೆನಪಿದ್ದರೆ, ಈ ಫ್ಲೋರೈಡ್‌ಗಳ ಆಕಾರವನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ಕಂಡುಕೊಳ್ಳಬಹುದು.

ಮೊದಲು ಕೇಂದ್ರ ಪರಮಾಣುವನ್ನು ಗುರುತಿಸಿ. ಫ್ಲೋರಿನ್ ಚಿಕ್ಕದು, ಒಂದೇ ಬಂಧ ಮಾಡಿಕೊಳ್ಳುವಂಥದ್ದು; ಆದ್ದರಿಂದ ಕೇಂದ್ರಸ್ಥಾನ ಯಾವಾಗಲೂ ಇನ್ನೊಂದು ಹ್ಯಾಲೊಜೆನ್‌ನದು. ಆ ಪರಮಾಣುವಿನ ಏಳು ಎಲೆಕ್ಟ್ರಾನ್‌ಗಳಿಗೆ ಫ್ಲೋರಿನ್‌ಗಳ ಸಂಖ್ಯೆಯನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಒಟ್ಟು ಎಲೆಕ್ಟ್ರಾನ್ ಜೋಡಿಗಳು ಸಿಗುತ್ತವೆ. ಅದರಲ್ಲಿ ಫ್ಲೋರಿನ್‌ಗಳ ಸಂಖ್ಯೆಯನ್ನು ಕಳೆದರೆ ಉಳಿಯುವುದು ಬಂಧದಲ್ಲಿ ಸೇರದ ಒಂಟಿ ಜೋಡಿಗಳು. ಏಳು ಬೆಸಸಂಖ್ಯೆಯಾದ್ದರಿಂದ ಫ್ಲೋರಿನ್‌ಗಳೂ ಬೆಸಸಂಖ್ಯೆಯಲ್ಲಿದ್ದರೆ ಮಾತ್ರ ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗುತ್ತವೆ. ಒಂದು, ಮೂರು, ಐದು, ಏಳು ಫ್ಲೋರಿನ್‌ಗಳ ಸಂಯುಕ್ತಗಳಷ್ಟೇ ಪಾಠದಲ್ಲಿ ಕಾಣುವುದು ಇದರಿಂದಲೇ.

ಹೆಚ್ಚು ಜನ ಎಡವುವುದು ಮುಂದಿನ ಹಂತದಲ್ಲಿ. 1930ರಲ್ಲಿ ಜರ್ಮನಿಯ ಒಟ್ಟೊ ರುಫ್ ಮತ್ತು ಕ್ರೂಗ್ ತಯಾರಿಸಿದ ಕ್ಲೋರಿನ್ ಟ್ರೈಫ್ಲೋರೈಡನ್ನೇ ತೆಗೆದುಕೊಳ್ಳಿ. ಏಳಕ್ಕೆ ಮೂರು ಕೂಡಿದರೆ ಹತ್ತು, ಅಂದರೆ ಐದು ಜೋಡಿ. ಅವುಗಳಲ್ಲಿ ಎರಡು ಒಂಟಿ. ಜೋಡಿಗಳು ಒಂದನ್ನೊಂದು ದೂರ ತಳ್ಳುವುದರಿಂದ ಐದೂ ತ್ರಿಕೋನ ದ್ವಿಪಿರಮಿಡ್‌ನ ಮೂಲೆಗಳಲ್ಲಿ ನಿಲ್ಲುತ್ತವೆ: ನಡುಪಟ್ಟಿಯಲ್ಲಿ ಮೂರು, ಮೇಲೆ ಕೆಳಗೆ ಒಂದೊಂದು. ಒಂಟಿ ಜೋಡಿ ಬಂಧ ಜೋಡಿಗಿಂತ ಹೆಚ್ಚು ಜಾಗ ಬಯಸುವುದರಿಂದ 90 ಡಿಗ್ರಿ ಕೋನದಲ್ಲಿ ಅದಕ್ಕೆ ಎಷ್ಟು ನೆರೆಯವರಿದ್ದಾರೆ ಎಂದು ಎಣಿಸಬೇಕು. ಎರಡೂ ಒಂಟಿ ಜೋಡಿಗಳನ್ನು ಮೇಲೆ ಕೆಳಗೆ ಇಟ್ಟರೆ ಬಂಧಗಳೊಂದಿಗೆ ಅಂಥ ಆರು ಘರ್ಷಣೆಗಳು, ನಡುಪಟ್ಟಿಯಲ್ಲಿಟ್ಟರೆ ನಾಲ್ಕೇ. ಮೇಲೊಂದು, ಪಟ್ಟಿಯಲ್ಲೊಂದು ಇಟ್ಟರೆ ಒಂಟಿ ಜೋಡಿಗಳೇ 90 ಡಿಗ್ರಿಯಲ್ಲಿ ಎದುರಾಗುತ್ತವೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಹೀಗಾಗಿ ಒಂಟಿ ಜೋಡಿಗಳು ನಡುಪಟ್ಟಿಗೇ ಸರಿಯುತ್ತವೆ, ಅಣು ಟಿ ಆಕಾರ ತಳೆಯುತ್ತದೆ. ಆ ಟಿ ಕೂಡ ನೆಟ್ಟಗಿಲ್ಲ: ಒಂಟಿ ಜೋಡಿಗಳ ಒತ್ತಡಕ್ಕೆ ಕೋನ ಸುಮಾರು 87.5 ಡಿಗ್ರಿಗೆ ಇಳಿದಿದೆ, ಎದುರುಬದುರು ಇರುವ ಎರಡು ಬಂಧಗಳ ಉದ್ದ ಸುಮಾರು 170 ಪಿಕೋಮೀಟರ್, ಮೂರನೆಯದರದು 160 ಮಾತ್ರ. ಲೆಕ್ಕ ಹೇಳಿದ್ದನ್ನು ಅಳತೆ ಇಷ್ಟು ಚೆನ್ನಾಗಿ ಒಪ್ಪುವುದು ಈ ಪಾಠದ ನಿಜವಾದ ಸೊಗಸು.

ಬ್ರೋಮಿನ್ ಪೆಂಟಾಫ್ಲೋರೈಡ್‌ನಲ್ಲಿ ಆರು ಜೋಡಿಗಳು ಅಷ್ಟಮುಖಿಯ ಆರು ಮೂಲೆಗಳಲ್ಲಿ ನಿಲ್ಲುತ್ತವೆ, ಅವುಗಳಲ್ಲಿ ಒಂದು ಒಂಟಿ. ಆಕಾರ ಚೌಕ ಪಿರಮಿಡ್. ಅಯೋಡಿನ್ ಹೆಪ್ಟಾಫ್ಲೋರೈಡ್‌ನಲ್ಲಿ ಏಳೂ ಬಂಧ ಜೋಡಿಗಳೇ, ಆದ್ದರಿಂದ ಪಂಚಕೋನ ದ್ವಿಪಿರಮಿಡ್. ಏಳು ಫ್ಲೋರಿನ್‌ಗಳಿಗೆ ಸುತ್ತಲೂ ಜಾಗ ಕೊಡುವಷ್ಟು ದೊಡ್ಡದು ಅಯೋಡಿನ್ ಮಾತ್ರ.

ಈ ಅಭ್ಯಾಸ ಕಾಗದದ ಮೇಲಷ್ಟೇ ನಡೆಯಬೇಕು. 11.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಕ್ಲೋರಿನ್ ಟ್ರೈಫ್ಲೋರೈಡ್ ನೀರಿನೊಂದಿಗೆ ಸ್ಫೋಟಕವಾಗಿ ವರ್ತಿಸುತ್ತದೆ, ಮರಳು, ಕಾಂಕ್ರೀಟನ್ನೂ ಉರಿಸಬಲ್ಲದು. ತಾಮ್ರ, ನಿಕ್ಕಲ್, ಉಕ್ಕಿನ ಪಾತ್ರೆಗಳು ಅದನ್ನು ತಡೆದುಕೊಳ್ಳುವುದು ಒಳಮೈಯಲ್ಲಿ ಲೋಹದ ಫ್ಲೋರೈಡ್‌ನ ತೆಳುಪದರ ಕಟ್ಟಿಕೊಂಡು ಮುಂದಿನ ಕ್ರಿಯೆಗೆ ಅಡ್ಡ ನಿಲ್ಲುವುದರಿಂದ.

ಇದೇ ಲೆಕ್ಕ ಅಯಾನುಗಳಿಗೂ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಕಣಗಳಿಗೂ, ಸಲ್ಲುತ್ತದೆ. ದ್ರವ ಬ್ರೋಮಿನ್ ಟ್ರೈಫ್ಲೋರೈಡ್ ಸ್ವಲ್ಪಮಟ್ಟಿಗೆ ತಾನೇ ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಹರಿಯಗೊಡುತ್ತದೆ. ಎರಡು ಫ್ಲೋರಿನ್‌ಗಳ ಧನ ಅಯಾನಿನಲ್ಲಿ ಒಂದು ಎಲೆಕ್ಟ್ರಾನ್ ಕಳೆಯಿರಿ: ನಾಲ್ಕು ಜೋಡಿ, ಎರಡು ಒಂಟಿ, ಬಾಗಿದ ಆಕಾರ. ನಾಲ್ಕು ಫ್ಲೋರಿನ್‌ಗಳ ಋಣ ಅಯಾನಿನಲ್ಲಿ ಒಂದನ್ನು ಸೇರಿಸಿ: ಆರು ಜೋಡಿ, ಎರಡು ಒಂಟಿ, ಆ ಒಂಟಿ ಜೋಡಿಗಳು ಎದುರುಬದುರಾಗಿ ನಿಂತು ಫ್ಲೋರಿನ್‌ಗಳನ್ನು ಸಮತಲ ಚೌಕದಲ್ಲಿ ಇರಿಸುತ್ತವೆ.