ಅನಾನಸು ಮತ್ತು ಗಾಂಧಾರಿ ಮೆಣಸಿನ ಮುರಬ್ಬ: ತಕ್ಕಡಿ ಕಲಿಸಿದ ಪಾಠ

ಉಡುಪಿಯ ಅಡುಗೆಮನೆಯಲ್ಲಿ ಬೆಳೆದವರಿಗೆ ಅನಾನಸು ಮತ್ತು ಮೆಣಸಿನ ಜೋಡಿ ಹೊಸದೇನಲ್ಲ. ಮದುವೆ ಮುಂಜಿಗಳ ಊಟದಲ್ಲಿ ಬಾಳೆಲೆಗೆ ಬೀಳುವ ಅನಾನಸಿನ ಮೆಣಸ್ಕಾಯಿಯಲ್ಲಿ ಸಿಹಿ, ಹುಳಿ, ಖಾರಗಳು ಒಂದರ ಬೆನ್ನಿಗೆ ಒಂದು ನಾಲಗೆಗೆ ತಾಗುವ ಆ ರುಚಿಗೆ ಸೋತೇ ನಾನು ಈ ಮುರಬ್ಬಕ್ಕೆ ಕೈ ಹಾಕಿದ್ದು. ಆದರೆ ಮೆಣಸ್ಕಾಯಿ ಮಧ್ಯಾಹ್ನ ಮಾಡಿ ರಾತ್ರಿಯೊಳಗೆ ಮುಗಿಸುವ ಪದಾರ್ಥ. ಮುರಬ್ಬವಾದರೋ ಮಳೆಗಾಲವನ್ನು ದಾಟಬೇಕಾದದ್ದು. ಕಣ್ಣಳತೆಯಲ್ಲೇ ನಲವತ್ತು ಜನರ ಅಡುಗೆ ಮಾಡಬಲ್ಲೆನೆಂಬ ಧೈರ್ಯದಲ್ಲಿದ್ದ ನನಗೆ ಈ ವ್ಯತ್ಯಾಸ ಹೊಳೆಯಲಿಲ್ಲ. ಮೂರು ಸಲ ಕೆಟ್ಟ ಮೇಲೆ ಒಂದು ಡಿಜಿಟಲ್ ತಕ್ಕಡಿ ತಂದೆ.

ಮೊದಲನೆಯ ಸಲ ಕೆಟ್ಟದ್ದು ಸಕ್ಕರೆಯ ವಿಷಯದಲ್ಲಿ. ನಮ್ಮ ಮನೆಯಲ್ಲಿ ಸಿಹಿ ಕಡಿಮೆ ತಿನ್ನುವವರೇ ಹೆಚ್ಚಾದ್ದರಿಂದ ಒಂದು ಕಿಲೋ ಹಣ್ಣಿಗೆ 400 ಗ್ರಾಂ ಸಕ್ಕರೆ ಸಾಕೆಂದು ನಾನೇ ತೀರ್ಮಾನಿಸಿ, ಗಟ್ಟಿಯಾಗುವವರೆಗೆ ಕಾಯಿಸಿ ಬಾಟಲಿಗೆ ತುಂಬಿದ್ದೆ. ಆಷಾಢದ ಮಳೆ ಹಿಡಿದಿತ್ತು, ಗೋಡೆಯೇ ಬೆವರುವ ದಿನಗಳು. ಎರಡು ವಾರ ತುಂಬುವ ಮೊದಲೇ ಮೂರು ಬಾಟಲಿಗಳಲ್ಲಿಯೂ ನಾಲ್ಕಾಣೆಯಷ್ಟು ಅಗಲದ ಬೂದುಹಸಿರು ಬೂಷ್ಟು ಕಾಣಿಸಿಕೊಂಡಿತು. ಮೇಲಿನ ಪದರವನ್ನು ಕೆರೆದು ತೆಗೆದು ಉಳಿದದ್ದನ್ನು ಮತ್ತೊಮ್ಮೆ ಕುದಿಸಿದರೆ ಸಾಕೆಂದು ಮನೆಯಲ್ಲಿ ಸಲಹೆ ಬಂತು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರುತ್ತವೆ, ಕೆಲವು ಬೂಷ್ಟುಗಳು ಬಿಟ್ಟುಹೋಗುವ ವಿಷ ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಅಷ್ಟನ್ನೂ ತೆಂಗಿನ ಬುಡಕ್ಕೆ ಹಾಕಿದೆ. ಮುರಬ್ಬದಲ್ಲಿ ಸಕ್ಕರೆ ಇರುವುದು ಸಿಹಿಗಾಗಿ ಮಾತ್ರವಲ್ಲ, ಅದು ಹಣ್ಣಿನ ನೀರನ್ನು ಹಿಡಿದಿಟ್ಟುಕೊಂಡು ಬೂಷ್ಟಿಗೆ ಸಿಗದಂತೆ ಮಾಡುತ್ತದೆ. ಆ ಕೆಲಸ ಸರಿಯಾಗಿ ನಡೆಯಬೇಕಾದರೆ ಸಿದ್ಧವಾದ ಮುರಬ್ಬದ ತೂಕದಲ್ಲಿ ಹಣ್ಣಿನದೂ ಸೇರಿ ನೂರಕ್ಕೆ ಸುಮಾರು 65 ಪಾಲು ಸಕ್ಕರೆಯೇ ಇರಬೇಕು. ನನ್ನದರಲ್ಲಿ ಐವತ್ತೂ ಇದ್ದಿರಲಾರದು. ತಿರುಳು ಗಟ್ಟಿಯಾಗಿ ಕಂಡ ಮಾತ್ರಕ್ಕೆ ಪಾಕ ಬಂತೆಂದು ನಂಬಿದ್ದೇ ತಪ್ಪು.

ಎರಡನೆಯ ಸಲ ಸಕ್ಕರೆಯನ್ನು ಹಣ್ಣಿನ ಸಮಕ್ಕೆ ಹಾಕಿದೆ. ಒಲೆಯ ಮೇಲೆ ಅದು ಎಷ್ಟು ಹೊತ್ತಾದರೂ ನೀರುನೀರಾಗಿಯೇ ಕಾಣುತ್ತಿತ್ತು, ಇನ್ನೂ ಆಗಲಿಲ್ಲ, ಇನ್ನೂ ಆಗಲಿಲ್ಲವೆಂದು ಕಾಯಿಸುತ್ತಲೇ ಹೋದೆ. ಮರುದಿನ ಬಾಟಲಿಗೆ ಚಮಚ ಹಾಕಿದರೆ ಚಮಚವೇ ಬಗ್ಗಿತು. ಒಳಗಿದ್ದದ್ದು ಮುರಬ್ಬವಲ್ಲ, ಅನಾನಸಿನ ಚಿಕ್ಕಿ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು, ಹುಳಿ ಮತ್ತು ಸಕ್ಕರೆ ಈ ಮೂರೂ ಹದವಾಗಿ ಕೂಡಿದಾಗ ಮಾತ್ರ ಮುರಬ್ಬ ತಣಿಯುತ್ತಾ ಹೆಪ್ಪುಗಟ್ಟುತ್ತದೆ. ಅನಾನಸಿನಲ್ಲಿ ಹುಳಿಯಿದೆ, ಪೆಕ್ಟಿನ್ ತೀರಾ ಕಡಿಮೆ. ಅದನ್ನು ಹೊರಗಿನಿಂದ ಕೊಡದೆ ಬರೀ ಬೆಂಕಿಯಿಂದ ಗಟ್ಟಿ ಮಾಡಹೊರಟರೆ ಸಕ್ಕರೆ ಏರುಪಾಕಕ್ಕೆ ಹೋಗದೆ ಇನ್ನೇನಾದೀತು? ಚೈನಾಗ್ರಾಸ್ ಹಾಕಿ ಎಂದವರಿದ್ದರು. ಹಾಕಿ ನೋಡಿದೆ. ಗಟ್ಟಿಯೇನೋ ಆಯಿತು, ಆದರೆ ದೋಸೆಯ ಮೇಲೆ ಹರಡುವ ಬದಲು ತುಂಡುತುಂಡಾಗಿ ಜಾರುತ್ತಿತ್ತು.

ಪೆಕ್ಟಿನ್ ಸಿಕ್ಕಿದ್ದು ಹಿತ್ತಲಿನ ಪೇರಳೆಯಲ್ಲಿ, ಅಂದರೆ ಸೀಬೆಯಲ್ಲಿ. ಅರೆಹಣ್ಣಾದ, ಇನ್ನೂ ಗಟ್ಟಿಯಿರುವ ಪೇರಳೆಯಲ್ಲಿ ಪೆಕ್ಟಿನ್ ಧಾರಾಳವಾಗಿರುತ್ತದೆ. ಪೂರ್ತಿ ಹಣ್ಣಾದಂತೆ ಅದರ ಶಕ್ತಿ ಕುಂದುತ್ತದೆ. ಇಂತಹ 300 ಗ್ರಾಂ ಪೇರಳೆಯನ್ನು ಸಿಪ್ಪೆ ಬೀಜ ಸಮೇತ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ತೆಳ್ಳಗಿನ ಪಂಚೆಯ ತುಂಡಿನಲ್ಲಿ ಕಟ್ಟಿ ತೂಗುಹಾಕಿದರೆ ಸುಮಾರು 250 ಮಿಲಿಲೀಟರ್ ಮಂದ ರಸ ಇಳಿಯುತ್ತದೆ. ಅವಸರಕ್ಕೆ ಹಿಂಡಿದರೆ ರಸ ಕದಡುತ್ತದೆ, ಮುರಬ್ಬದ ಹೊಳಪು ಕೆಡುತ್ತದೆ. ನಾನು ಇದನ್ನು ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳುತ್ತೇನೆ.

ಮೂರನೆಯ ಸಲದ ತಪ್ಪು ಖಾರದ್ದು. ನಮ್ಮಲ್ಲಿ ಕೆಲವರು ಸೂಜಿಮೆಣಸು, ಜೀರಿಗೆಮೆಣಸು ಎಂದೂ ಕರೆಯುವ ಗಾಂಧಾರಿ ಮೆಣಸನ್ನು ನಾವು ಯಾರೂ ನೆಟ್ಟದ್ದಲ್ಲ. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲವಾದ್ದರಿಂದ ಪಿಕಳಾರಗಳು ಹಣ್ಣು ತಿಂದು ಅಡಿಕೆ ಮರದ ಬುಡದಲ್ಲಿ ಬೀಜ ಉದುರಿಸಿ ಹೋಗುತ್ತವೆ, ಗಿಡ ತಾನಾಗಿ ಏಳುತ್ತದೆ. ಆ ಸಲ ಕುದಿಯುವ ಪಾಕವನ್ನು ಸೌಟಿನಿಂದ ನೆಕ್ಕಿ ನೋಡುತ್ತಾ, ಖಾರ ಸಾಲದೆಂದು ಮೂರು ಬಾರಿ ಮೆಣಸು ಹೆಚ್ಚಿ ಹಾಕಿದೆ. ಒಂದು ವಾರದ ಮೇಲೆ ತೆರೆದಾಗ ನಮ್ಮ ಮನೆಯ ಅತಿ ಖಾರದ ನಾಲಗೆಯೂ ನೀರು ಕೇಳಿತು. ಒಲೆಯ ಮೇಲಿರುವಾಗ ಖಾರದ ಒಂದಷ್ಟು ಪಾಲು ಇನ್ನೂ ಮೆಣಸಿನ ಚೂರುಗಳೊಳಗೇ ಉಳಿದಿರುತ್ತದೆ. ದಿನ ಕಳೆದಂತೆ ಅದು ಸುತ್ತಲಿನ ಪಾಕಕ್ಕೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಖಾರವನ್ನು ನಾಲಗೆಯಿಂದ ನಿರ್ಧರಿಸುವುದನ್ನು ಬಿಟ್ಟು, ಒಂದು ಕಿಲೋ ಹಣ್ಣಿಗೆ 12 ಗ್ರಾಂ ಗಾಂಧಾರಿ ಎಂದು ನಿಗದಿ ಮಾಡಿಕೊಂಡೆ. ಬಣ್ಣಕ್ಕೆ ಬೇಕಾದರೆ ಬೀಜ ಕೊಡವಿ ನೆನೆಸಿ ತರಿತರಿಯಾಗಿ ಅರೆದ ನಾಲ್ಕು ಬ್ಯಾಡಗಿ ಮೆಣಸು ಸೇರಿಸಬಹುದು, ಅದರಿಂದ ಖಾರ ಹೆಚ್ಚೇನೂ ಏರುವುದಿಲ್ಲ.

ಇನ್ನು ಈ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲೇ ಮಾಡಿದ ರೀತಿಯನ್ನು ಹೇಳುತ್ತೇನೆ. ಒಂದೂವರೆ ಕಿಲೋ ತೂಗುವ ಒಂದು ಹಣ್ಣಿನಿಂದ ಒಂದು ಕಿಲೋ ತಿರುಳು ಸಿಗುವುದಿಲ್ಲ, ಎರಡು ಬೇಕು, ಉಳಿದದ್ದು ಮೆಣಸ್ಕಾಯಿಗಾಯಿತು. ಬುಡದಲ್ಲಿ ಮೂಗಿಟ್ಟರೆ ಪರಿಮಳ ಬರಬೇಕು, ಒತ್ತಿದರೆ ಮೆತ್ತಗಾಗಬಾರದು. ಸಿಪ್ಪೆಯನ್ನು ತೆಳ್ಳಗೆ ತೆಗೆದ ಮೇಲೆ ಕಣ್ಣುಗಳು ಓರೆಸಾಲಿನಲ್ಲಿ ಮೇಲಿನಿಂದ ಕೆಳಗೆ ಸುತ್ತಿಕೊಂಡು ಹೋಗಿರುವುದು ಕಾಣುತ್ತದೆ. ಆ ಸಾಲನ್ನೇ ಹಿಡಿದು ಚೂರಿಯನ್ನು ಎರಡೂ ಬದಿಯಿಂದ ಓರೆಯಾಗಿ ಇಳಿಸಿದರೆ ಐದಾರು ಕಣ್ಣುಗಳು ಒಂದೇ ಪಟ್ಟಿಯಾಗಿ ಬರುತ್ತವೆ, ತಿರುಳು ದಂಡವಾಗುವುದಿಲ್ಲ. ನಡುವಿನ ದಿಂಡನ್ನು ಬಿಸಾಡದೆ ತುರಿದು ಹಾಕುತ್ತೇನೆ. ತಿರುಳಿನ ಮುಕ್ಕಾಲು ಪಾಲನ್ನು ಕಡಲೆಬೇಳೆಯ ಗಾತ್ರಕ್ಕೆ ಕೊಚ್ಚಿ, ಕಾಲು ಪಾಲನ್ನು ಮಿಕ್ಸಿಗೆ ಹಾಕುತ್ತೇನೆ.

ಮೆಣಸು ಹೆಚ್ಚುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು. ಮೆಣಸಿನ ಖಾರ ಎಣ್ಣೆಯಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದಿಲ್ಲ. ಬರೀ ನೀರಿನಲ್ಲಿ ಎಷ್ಟು ತೊಳೆದರೂ ಸಂಜೆ ಕಣ್ಣುಜ್ಜಿದಾಗ ಅದು ಅಲ್ಲಿಯೇ ಇರುತ್ತದೆ. ಕೆಲಸ ಮುಗಿದ ಮೇಲೂ ಮೊದಲು ಎಣ್ಣೆ, ಆಮೇಲೆ ಸಾಬೂನು. ಖಾರ ಬೀಜದಲ್ಲಿದೆಯೆಂದು ಹೇಳುವವರು ಬಹಳ ಮಂದಿ, ನಿಜಕ್ಕೂ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ಪೊರೆಯಲ್ಲಿ.

ಪಾತ್ರೆಯ ವಿಷಯದಲ್ಲಿ ಒಂದು ಮಾತು. ಅಮ್ಮ ಹಲಸಿನ ಹಣ್ಣಿನ ಬೆರಟಿ ಕಾಯಿಸುತ್ತಿದ್ದ ಹಿತ್ತಾಳೆಯ ಉರುಳಿ ನನ್ನಲ್ಲಿದೆ, ಅದರ ಅಗಲಕ್ಕೆ ಆಸೆಯೂ ಆಗುತ್ತದೆ. ಬೆರಟಿಯಲ್ಲಿ ಹುಳಿಯಿಲ್ಲ, ಗಂಟೆಗಟ್ಟಲೆ ಮಗುಚಿ ನೀರನ್ನೇ ಓಡಿಸಿ ಅದನ್ನು ಉಳಿಸುತ್ತಿದ್ದರು. ಇಲ್ಲಿ ಲಿಂಬೆಯೂ ಅನಾನಸೂ ಸೇರಿ ಕುದಿಯುವುದರಿಂದ ಕಲಾಯಿ ಹೋದ ಹಿತ್ತಾಳೆ ಸಲ್ಲದು, ಅಲ್ಯೂಮಿನಿಯಂ ಕೂಡ ಸಲ್ಲದು. ದಪ್ಪ ತಳದ, ಅಗಲ ಬಾಯಿಯ ಸ್ಟೀಲ್ ಪಾತ್ರೆಯೇ ಸರಿ. ಅದನ್ನು ಖಾಲಿಯಿರುವಾಗಲೇ ತೂಗಿ, ತೂಕವನ್ನು ಬರೆದಿಟ್ಟುಕೊಂಡೆ. ಕಾರಣ ಮುಂದೆ ಬರುತ್ತದೆ.

ತಿರುಳು, ಮೆಣಸು, 20 ಗ್ರಾಂ ಶುಂಠಿಯ ತುರಿ, ಒಂದು ಸಣ್ಣ ಚಮಚ ಉಪ್ಪು, ಮೂರು ನಾಲ್ಕು ಲಿಂಬೆಯಿಂದ ಹಿಂಡಿದ 60 ಮಿಲಿಲೀಟರ್ ರಸದಲ್ಲಿ ಅರ್ಧ, ಇಷ್ಟನ್ನು ಒಟ್ಟಿಗೆ ಹಾಕಿ ಮುಚ್ಚಿ ಬೇಯಿಸಿದೆ. ಕಿಟಕಿ ತೆರೆದಿರಬೇಕು, ಇಲ್ಲವಾದರೆ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡಬೇಕಾಗುತ್ತದೆ. ತಿರುಳು ಬೆರಳಿಗೆ ನುರಿಯುವಷ್ಟು ಬೆಂದ ಮೇಲೆಯೇ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಚೂರುಗಳು ಮತ್ತೆ ಬೇಯದೆ ರಬ್ಬರಿನಂತೆ ಉಳಿಯುತ್ತವೆ. ಆಮೇಲೆ 850 ಗ್ರಾಂ ಸಕ್ಕರೆ ಮತ್ತು ಪೇರಳೆಯ ರಸ. ಸಕ್ಕರೆ ಸುರಿಯುವಾಗ ಪಕ್ಕದ ಮನೆಯ ಹಿರಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಂದು ಕಿಲೋ ಹಣ್ಣಿಗೆ ಇಷ್ಟು ಸಕ್ಕರೆಯಾ ಮಾರಾಯ್ತಿ?" ಎಂದರು. ಬೂಷ್ಟಿನ ಕತೆ ಅವರಿಗೂ ಗೊತ್ತಿದ್ದುದರಿಂದ ನಾನು ಹೆಚ್ಚು ವಾದಿಸಲಿಲ್ಲ.

ಸಕ್ಕರೆ ಪೂರ್ತಿ ಕರಗುವವರೆಗೆ ಸಣ್ಣ ಉರಿ, ಕರಗಿದ ಮೇಲೆ ದೊಡ್ಡ ಉರಿ. ಸಣ್ಣ ಉರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಬಣ್ಣ ಕಂದುತ್ತದೆ, ಹುಳಿಯಲ್ಲಿ ಬೆಂದು ಬೆಂದು ಪೆಕ್ಟಿನ್ನೂ ಒಡೆಯುತ್ತದೆ. ಮೊದಲು ಬಿಳಿನೊರೆ ಉಕ್ಕುತ್ತದೆ. ಅದು ಇಳಿದು ಗುಳ್ಳೆಗಳು ದೊಡ್ಡವಾಗಿ, ಹೊಳೆಯುತ್ತಾ, ಕೊತಕೊತ ಎನ್ನುವ ಸದ್ದು ಭಾರವಾದಾಗ ಪಾಕ ಹತ್ತಿರ ಬಂತೆಂದು ತಿಳಿಯಬೇಕು. ಈ ಹಂತದಲ್ಲಿ ಅದು ಮುಂಗೈಗೆ ಸಿಡಿಯುತ್ತದೆ, ಉದ್ದ ಹಿಡಿಯ ಸಟ್ಟುಗವೇ ಬೇಕು. ಉಳಿದ ಲಿಂಬೆರಸವನ್ನು ಆಗ ಹಾಕಿದೆ.

ಪಾಕ ಬಂದುದನ್ನು ತಿಳಿಯಲು ಮೂರು ದಾರಿಗಳಿವೆ. ಥರ್ಮಾಮೀಟರ್ ಇದ್ದರೆ, ಸಮುದ್ರಮಟ್ಟದಲ್ಲಿರುವ ನಮ್ಮ ಕರಾವಳಿಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದರಿಂದ, ಮುರಬ್ಬ 104ರಿಂದ 105 ಡಿಗ್ರಿ ತೋರಿಸಬೇಕು. ಇದೇ ಲೆಕ್ಕವನ್ನು ಮಡಿಕೇರಿಯಲ್ಲಿರುವ ತಂಗಿಗೆ ಹೇಳಿದರೆ ನಡೆಯುವುದಿಲ್ಲ, ಎತ್ತರದ ಆ ಊರಿನಲ್ಲಿ ನೀರೇ 100 ಡಿಗ್ರಿಗಿಂತ ಕಡಿಮೆ ಬಿಸಿಗೆ ಕುದಿಯುತ್ತದೆ. ಎರಡನೆಯದು ತಟ್ಟೆಯ ಪರೀಕ್ಷೆ. ಫ್ರೀಜರಿನಲ್ಲಿಟ್ಟ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟು, ಒಲೆ ಆರಿಸಿ ಒಂದು ನಿಮಿಷ ಕಾದು ಬೆರಳಿನಿಂದ ತಳ್ಳಿದರೆ ಹನಿಯ ಮುಖದಲ್ಲಿ ಸಣ್ಣ ಸುಕ್ಕುಗಳು ಏಳಬೇಕು, ಬೆರಳು ಎಳೆದ ಗೆರೆ ಮುಚ್ಚಿಕೊಳ್ಳಬಾರದು. ಮೂರನೆಯದು ನನಗೆ ತೀರಾ ಒಗ್ಗಿದ ದಾರಿ, ತೂಕ. ಸಕ್ಕರೆ 850 ಗ್ರಾಂ, ಒಂದು ಕಿಲೋ ಅನಾನಸಿನಲ್ಲಿ ತನ್ನದೇ ಆದ ಸುಮಾರು 120 ಗ್ರಾಂ, ಪೇರಳೆ ರಸದಲ್ಲಿ ಮತ್ತಷ್ಟು, ಒಟ್ಟು ಹತ್ತಿರಹತ್ತಿರ ಒಂದು ಕಿಲೋ. ಇದು ನೂರಕ್ಕೆ 65 ಪಾಲಾಗಬೇಕಾದರೆ ಪಾತ್ರೆಯಲ್ಲಿ ಉಳಿಯಬೇಕಾದದ್ದು ಒಂದೂವರೆ ಕಿಲೋ. ಖಾಲಿ ಪಾತ್ರೆಯ ತೂಕವನ್ನು ಕಳೆದು ನೋಡಿದರಾಯಿತು. ನನಗೆ 45 ನಿಮಿಷ ಹಿಡಿಯಿತು. ತಟ್ಟೆಯೂ ತಕ್ಕಡಿಯೂ ಒಂದೇ ಮಾತನ್ನು ಹೇಳಿದ್ದು ಅಂದೇ ಮೊದಲು.

ಕೊನೆಗೆ ಅರ್ಧ ಚಮಚ ಒಳ್ಳೆಮೆಣಸನ್ನು, ಅಂದರೆ ಕಾಳುಮೆಣಸನ್ನು, ಜಜ್ಜಿ ಹಾಕಿದೆ. ಅನಾನಸು, ಮೆಣಸಿನಕಾಯಿ, ಪೇರಳೆ ಮೂರೂ ಅಮೆರಿಕದ ಕಡೆಯಿಂದ ಪೋರ್ಚುಗೀಸರ ಕಾಲದಲ್ಲಿ ನಮ್ಮ ಕರಾವಳಿಗೆ ಬಂದವು. ಪಾತ್ರೆಯಲ್ಲಿ ಈ ನೆಲದ್ದೇ ಆದ ಖಾರವೊಂದು ಇರಲಿ ಎಂಬುದು ನನ್ನ ಹಟ. ತುಳುವಿನಲ್ಲಿ ಅದನ್ನು ಎಡ್ಡೆಮುಂಚಿ, ಅಂದರೆ ಒಳ್ಳೆಯ ಮೆಣಸು, ಎಂದು ಕರೆದಿರುವುದರಲ್ಲಿಯೂ ಹೊಸದಾಗಿ ಬಂದ ಮೆಣಸಿನ ಮೇಲಿನ ಸ್ವಲ್ಪ ಅಸಮಾಧಾನ ಕೇಳಿಸಿದಂತಾಗುತ್ತದೆ.

ಬಾಟಲಿಗಳನ್ನು ಹತ್ತು ನಿಮಿಷ ಕುದಿಸಿ, ಬಿಸಿಯಿರುವಾಗಲೇ ತುಂಬಬೇಕು. ತಣ್ಣನೆಯ ಗಾಜಿಗೆ ಬಿಸಿ ಪಾಕ ಸುರಿದರೆ ಗಾಜು ಸೀಳುತ್ತದೆ. ಉಪ್ಪಿನಕಾಯಿಯ ಹಳೆಯ ಬಾಟಲಿಯನ್ನು ಬಳಸಬಹುದು, ಅದರ ಮುಚ್ಚಳವನ್ನಲ್ಲ, ರಬ್ಬರಿಗೆ ಹಿಡಿದ ಇಂಗಿನ ವಾಸನೆ ಹೋಗುವುದೇ ಇಲ್ಲ. ಒಲೆಯಿಂದ ಇಳಿಸಿದ ತಕ್ಷಣ ತುಂಬಿದರೆ ಚೂರುಗಳೆಲ್ಲ ಮೇಲೆ ತೇಲಿ ನಿಲ್ಲುತ್ತವೆ. ಐದು ನಿಮಿಷ ಬಿಟ್ಟು ಒಮ್ಮೆ ಮಗುಚಿ, ಇನ್ನೂ ಹೊಗೆಯಾಡುತ್ತಿರುವಾಗ ತುಂಬಿದೆ. ಕಾಲು ಇಂಚು ಜಾಗ ಬಿಟ್ಟು, ಬಾಯಿಯನ್ನು ಒರಸಿ, ಮುಚ್ಚಿ, ಮುಳುಗುವಷ್ಟು ಕುದಿನೀರಿನಲ್ಲಿ ಹತ್ತು ನಿಮಿಷ ಇಟ್ಟೆ. ಮೆಣಸು ಮತ್ತು ಶುಂಠಿಯಲ್ಲಿ ಹುಳಿ ಕಡಿಮೆ. ಹುಳಿಯ ಅಳತೆಯಾದ ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು; ಮುರಬ್ಬದ ಪಿಎಚ್ 4.6ಕ್ಕಿಂತ ಸಾಕಷ್ಟು ಕೆಳಗಿದ್ದರೆ ಮುಚ್ಚಿದ ಬಾಟಲಿಯೊಳಗೆ ಬೊಟುಲಿಸಂ ಎಂಬ ಮಾರಕ ಆಹಾರವಿಷವನ್ನು ತರುವ ಸೂಕ್ಷ್ಮಾಣು ಬೆಳೆಯಲಾರದು. ಆದ್ದರಿಂದ ಮೆಣಸನ್ನು ಕಡಿಮೆ ಮಾಡಬಹುದು, ಲಿಂಬೆರಸವನ್ನು ಕಡಿಮೆ ಮಾಡಬಾರದು.

ಐದು ಬಾಟಲಿಗಳಾದವು. ಖಾರ ಹದಕ್ಕೆ ಬರಲು ಮೂರು ವಾರ ಬಿಟ್ಟು, ಮೊದಲನೆಯದನ್ನು ತೆರೆದದ್ದು ನೀರುದೋಸೆಯ ದಿನ. ಬನ್ಸಿಗೆ ಇದು ಸಿಹಿಯ ಮೇಲೆ ಸಿಹಿಯಾಯಿತು, ಗೋಳಿಬಜೆಗೆ ಚೆನ್ನಾಗಿ ಹೊಂದಿತು. ತೆರೆದ ಬಾಟಲಿ ಫ್ರಿಜ್ಜಿನಲ್ಲಿದೆ, ಒಣ ಚಮಚವನ್ನೇ ಬಳಸಬೇಕೆಂದು ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದೇನೆ. ಉಳಿದ ನಾಲ್ಕರಲ್ಲಿ ಒಂದನ್ನು ಪಕ್ಕದ ಮನೆಯ ಹಿರಿಯರು ಕೇಳಿ ತೆಗೆದುಕೊಂಡು ಹೋದರು.